500 ರೂಪಾಯಿಯ ತಿರುವೋಣಂ ಬಂಪರ್: ಟಿಕೆಟ್ ಕೊಂಡವನ ಲೆಕ್ಕಾಚಾರ

ಕರ್ನಾಟಕದಲ್ಲಿ 2007ರ ಏಪ್ರಿಲ್‌ನಿಂದ ಲಾಟರಿ ನಿಷೇಧವಾಗಿರುವುದರಿಂದ, ನಮ್ಮಲ್ಲಿ ಆ ಆಸೆಯಿರುವವರು ಗಡಿ ದಾಟಿಯೇ ಟಿಕೆಟ್ ಕೊಳ್ಳಬೇಕು. 2024ರ ಓಣಂ ಮುಗಿದ ಮೇಲೆ ವಯನಾಡಿಗೆ ಹೋಗಿದ್ದಾಗ, ಸುಲ್ತಾನ್ ಬತ್ತೇರಿಯ ಒಂದು ಅಂಗಡಿಯಲ್ಲಿ ಕೇರಳ ಸರ್ಕಾರದ ತಿರುವೋಣಂ ಬಂಪರ್‌ನ ಎರಡು ಟಿಕೆಟ್‌ಗಳನ್ನು ತಲಾ 500 ರೂಪಾಯಿ ಕೊಟ್ಟು ಕೊಂಡೆ. ಅಕ್ಟೋಬರ್ 9ರಂದು ತಿರುವನಂತಪುರದ ಗೋರ್ಕಿ ಭವನದಲ್ಲಿ ಡ್ರಾ ನಡೆಯಿತು. 25 ಕೋಟಿಯ ಮೊದಲ ಬಹುಮಾನ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂತು, ಆ ಟಿಕೆಟ್ ಮಾರಾಟವಾದದ್ದೂ ಬತ್ತೇರಿಯಲ್ಲೇ. ಮನೆಯವರೂ ಗೆಳೆಯರೂ "ಕೂದಲೆಳೆಯಲ್ಲಿ ತಪ್ಪಿತು" ಎಂದು ವಾರಗಟ್ಟಲೆ ಹಲುಬಿದರು. ಏನೂ ತಪ್ಪಿರಲಿಲ್ಲ ಎಂದು ಅವರಿಗೆ ವಿವರಿಸಲು ಹೋಗಿ ಈ ಟಿಕೆಟಿನ ಪೂರ್ತಿ ಲೆಕ್ಕ ಬಿಡಿಸಬೇಕಾಯಿತು. 500 ರೂಪಾಯಿ ಕೊಟ್ಟು ಕೊಳ್ಳುವ ಒಂದು ಸರಕು ಎಂಬ ದೃಷ್ಟಿಯಿಂದ ಅದನ್ನೇ ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಮೊದಲು ಟಿಕೆಟಿನ ರಚನೆಯನ್ನು ನೋಡೋಣ. ಟಿಎಯಿಂದ ಟಿಎಲ್‌ವರೆಗೆ, ನಡುವೆ ಟಿಎಫ್ ಮತ್ತು ಟಿಐಗಳನ್ನು ಬಿಟ್ಟು, ಒಟ್ಟು ಹತ್ತು ಸರಣಿಗಳಿವೆ. ಪ್ರತಿ ಸರಣಿಯಲ್ಲೂ ಆರು ಅಂಕಿಯ, ಸೊನ್ನೆಯಿಂದ ಶುರುವಾಗದ ಒಂಬತ್ತು ಲಕ್ಷ ಸಂಖ್ಯೆಗಳು ಸಾಧ್ಯ. ಅಂದರೆ ಒಟ್ಟು 90 ಲಕ್ಷ ಟಿಕೆಟ್‌ಗಳಲ್ಲಿ ಒಂದಕ್ಕೆ ಮಾತ್ರ 25 ಕೋಟಿ. ಆ ವರ್ಷ ಮಾರಾಟವಾದದ್ದು 70 ಲಕ್ಷಕ್ಕೂ ಸ್ವಲ್ಪ ಹೆಚ್ಚು. ಆ ಸಂಖ್ಯೆಯನ್ನೇ ಹಿಡಿದರೂ ನಮ್ಮ ಪಾಲಿನ ಅವಕಾಶ ಹೇಳಿಕೊಳ್ಳುವಷ್ಟೇನೂ ಹಿಗ್ಗುವುದಿಲ್ಲ. 2011ರ ಜನಗಣತಿಯಲ್ಲಿ ಬೆಂಗಳೂರು ನಗರದ ಜನಸಂಖ್ಯೆ ಸುಮಾರು 84 ಲಕ್ಷವಿತ್ತು. ಅಂದಿನ ಇಡೀ ಬೆಂಗಳೂರಿನಿಂದ ಕಣ್ಣು ಮುಚ್ಚಿ ಒಬ್ಬರನ್ನು ಆರಿಸಿದಾಗ ಅದು ನೀವೇ ಆಗಿರುವುದು ಎಷ್ಟು ಸಂಭವವೋ ಇದೂ ಹೆಚ್ಚುಕಡಿಮೆ ಅಷ್ಟೇ. ಟಿಕೆಟ್ ಕೊಂಡ ಊರು, ಗೆದ್ದವರ ಜಿಲ್ಲೆ ಇವಾವುವೂ ಈ ಲೆಕ್ಕದೊಳಗೆ ಬರುವುದಿಲ್ಲ.

ಆದರೆ ಮೊದಲ ಬಹುಮಾನವೊಂದನ್ನೇ ನೋಡಿ ತೀರ್ಪು ಕೊಟ್ಟರೆ ಈ ಟಿಕೆಟಿಗೆ ಅನ್ಯಾಯವಾಗುತ್ತದೆ. ಒಂದು ಕೋಟಿಯ 20, ಐವತ್ತು ಲಕ್ಷದ 20, ಐದು ಲಕ್ಷದ 10 ಮತ್ತು ಎರಡು ಲಕ್ಷದ 10 ಬಹುಮಾನಗಳಿವೆ. ಮೊದಲ ಬಹುಮಾನ ಬಂದ ಸಂಖ್ಯೆಯೇ ಉಳಿದ ಒಂಬತ್ತು ಸರಣಿಗಳಲ್ಲಿ ಯಾರ ಕೈಯಲ್ಲಿದೆಯೋ ಅವರಿಗೆ ತಲಾ ಐದು ಲಕ್ಷದ ಸಮಾಧಾನಕರ ಬಹುಮಾನವೂ ಉಂಟು. ಕೂದಲೆಳೆಯ ಮಾತು ನಿಜವಾಗಿ ಸಲ್ಲುವುದಿದ್ದರೆ ಅವರಿಗೆ ಮಾತ್ರ. ಇವುಗಳ ಕೆಳಗೆ, ಕೊನೆಯ ನಾಲ್ಕು ಅಂಕಿಗಳನ್ನು ನೋಡಿ ಕೊಡುವ ಸಣ್ಣ ಬಹುಮಾನಗಳಿವೆ: 5,000 ರೂಪಾಯಿಗೆ 60, 2,000ಕ್ಕೆ 90, 1,000ಕ್ಕೆ 138 ಮತ್ತು 500ಕ್ಕೆ 306 ಸಂಖ್ಯೆಗಳನ್ನು ಎತ್ತುತ್ತಾರೆ. 10,000 ಸಾಧ್ಯತೆಗಳಲ್ಲಿ 594 ಸಂಖ್ಯೆಗಳಿಗೆ ಬಹುಮಾನ ಸಿಗುವುದರಿಂದ, ಸರಿಸುಮಾರು 17 ಟಿಕೆಟಿಗೆ ಒಂದರಂತೆ ಏನಾದರೊಂದು ಬಂದೇ ಬರುತ್ತದೆ. "ಐದು ಲಕ್ಷಕ್ಕೂ ಹೆಚ್ಚು ಬಹುಮಾನಗಳು" ಎಂಬ ಮಾತಿನಲ್ಲಿ ಸುಳ್ಳಿಲ್ಲ, ಲೆಕ್ಕ ಹಾಕಿದರೆ 5,34,670 ಆಗುತ್ತದೆ.

ನನ್ನ ತಕರಾರು ಇರುವುದು ಇಲ್ಲಿಯೇ. ಆ ಐದು ಲಕ್ಷದಲ್ಲಿ 2,75,400 ಬಹುಮಾನಗಳು 500 ರೂಪಾಯಿಯವು. ನಾವು ಕೊಟ್ಟ ದುಡ್ಡು ನಮಗೇ ಮರಳಿ ಬಂದದ್ದನ್ನು ಬಹುಮಾನ ಎಂದು ಕರೆಯುವುದು ವ್ಯಾಪಾರದ ಜಾಣತನ. ಅವನ್ನು ಕಳೆದರೆ, ಕೊಟ್ಟದ್ದಕ್ಕಿಂತ ಒಂದು ರೂಪಾಯಿಯಾದರೂ ಹೆಚ್ಚು ಸಿಗುವ ಸಾಧ್ಯತೆ 35ಕ್ಕೆ ಒಂದಕ್ಕೆ ಇಳಿಯುತ್ತದೆ. ಎಲ್ಲ ಬಹುಮಾನಗಳ ಒಟ್ಟು ಮೊತ್ತ 125 ಕೋಟಿ 54 ಲಕ್ಷ. 90 ಲಕ್ಷ ಟಿಕೆಟ್‌ಗಳೂ ಮಾರಾಟವಾದರೆ ಬರುವ ಹಣ 450 ಕೋಟಿ. ಹಾಗಾಗಿ ಒಂದು ಟಿಕೆಟಿನ 500 ರೂಪಾಯಿಯಲ್ಲಿ ಬಹುಮಾನದ ರೂಪದಲ್ಲಿ ಜನರಿಗೆ ಮರಳುವುದು ಸರಾಸರಿ 140 ರೂಪಾಯಿ ಮಾತ್ರ. ಟಿಕೆಟ್‌ಗಳು ಕಡಿಮೆ ಮಾರಾಟವಾದರೆ ಇದು ತುಸು ಏರುತ್ತದೆ. ಮಿಕ್ಕದ್ದು ಜಿಎಸ್‌ಟಿ, ಏಜೆಂಟರ ಕಮಿಷನ್, ಮುದ್ರಣದ ಖರ್ಚು ಮತ್ತು ಸರ್ಕಾರದ ಆದಾಯ. ಆ ಆದಾಯದಿಂದ ಊರಿಗೆ ಉಪಕಾರವಾಗುವುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ದಾನ ಮಾಡಬೇಕೆನ್ನುವವರಿಗೆ ನೇರ ದಾರಿಗಳಿವೆ.

ಗೆದ್ದರೂ 25 ಕೋಟಿ ಕೈಗೆ ಬರುವುದಿಲ್ಲ. ಟಿಕೆಟ್ ಮಾರಿದ ಏಜೆಂಟರಿಗೆ ಬಹುಮಾನದಲ್ಲಿ ಶೇಕಡಾ 10 ಹೋಗುತ್ತದೆ. ಉಳಿದ 22.5 ಕೋಟಿಗೆ ಶೇಕಡಾ 30ರಂತೆ ಆದಾಯ ತೆರಿಗೆ ಮುರಿದರೆ 15 ಕೋಟಿ 75 ಲಕ್ಷ. ಆಮೇಲೆ ಸರ್ಚಾರ್ಜ್ ಮತ್ತು ಸೆಸ್ ಕಟ್ಟಿದರೆ ಉಳಿಯುವುದು 13 ಕೋಟಿಯ ಆಸುಪಾಸು. ವರ್ಷಗಟ್ಟಲೆ ಸೋತ ಟಿಕೆಟ್‌ಗಳ ಖರ್ಚನ್ನು ಗೆದ್ದ ಹಣದಲ್ಲಿ ಕಳೆದು ತೆರಿಗೆ ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ.

ಅಂಗಡಿಯ ವಿಷಯ ಹೇಳಲೇಬೇಕು. ನಾನು ಆರಿಸಿಕೊಂಡ ಒಂದು ಟಿಕೆಟಿನ ಸಂಖ್ಯೆ ಮೂರು ಸೊನ್ನೆಗಳಲ್ಲಿ ಮುಗಿಯುತ್ತಿತ್ತು. ಅಂಗಡಿಯವರು ಅರ್ಧ ಮಲಯಾಳ ಬೆರೆತ ಕನ್ನಡದಲ್ಲಿ, "ಇದು ಬೇಡ ಸಾರ್, ಈ ತರದ್ದು ಯಾರೂ ತಗೊಳ್ಳಲ್ಲ" ಎಂದು ಬೇರೆ ಕಟ್ಟನ್ನು ಮುಂದಿಟ್ಟರು. ಡ್ರಾ ಯಂತ್ರದ ಚಕ್ರಕ್ಕೆ ಸೊನ್ನೆಯೂ ಏಳೂ ಒಂದೇ ಎಂದು ಗೊತ್ತಿದ್ದುದರಿಂದ ಅದನ್ನೇ ಇಟ್ಟುಕೊಂಡೆ. ನನ್ನ ಪಕ್ಕದಲ್ಲಿದ್ದವರು ಕೊನೆಯ ನಾಲ್ಕು ಅಂಕಿಗಳು ಒಂದೇ ಆಗಿರುವ ಹತ್ತು ಟಿಕೆಟ್‌ಗಳ 'ಸೆಟ್' ಕೇಳಿ ಪಡೆದರು. ಸೆಟ್ ಕೊಂಡರೆ ಅವಕಾಶ ಹೆಚ್ಚುತ್ತದೆಂದು ಹಲವರ ನಂಬಿಕೆ. ಸಣ್ಣ ಬಹುಮಾನಗಳ ಮಟ್ಟಿಗೆ ಅದು ತಿರುವುಮುರುವು: ಸೆಟ್ಟಿನಲ್ಲಿ ಬಂದರೆ ಹತ್ತಕ್ಕೂ ಬರುತ್ತದೆ, ಇಲ್ಲವಾದರೆ ಒಂದಕ್ಕೂ ಇಲ್ಲ, ಹಾಗಾಗಿ ಸಾಧ್ಯತೆ 17ಕ್ಕೆ ಒಂದರಲ್ಲೇ ನಿಲ್ಲುತ್ತದೆ. ಬೇರೆ ಬೇರೆ ಅಂಕಿಗಳಲ್ಲಿ ಮುಗಿಯುವ ಹತ್ತು ಟಿಕೆಟ್ ಕೊಂಡರೆ ಒಂದಕ್ಕಾದರೂ ಬಹುಮಾನ ಬರುವ ಸಾಧ್ಯತೆ ಶೇಕಡಾ 46ರಷ್ಟಿದೆ. ಸರಾಸರಿ ನಷ್ಟ ಮಾತ್ರ ಎರಡರಲ್ಲೂ ಒಂದೇ, 5,000ಕ್ಕೆ ಸುಮಾರು 3,600 ರೂಪಾಯಿ.

ಮೆಚ್ಚಬೇಕಾದದ್ದೂ ಇದೆ. 1967ರಿಂದ ಸರ್ಕಾರವೇ ನಡೆಸಿಕೊಂಡು ಬಂದಿರುವ ವ್ಯವಸ್ಥೆಯಿದು, ಡ್ರಾ ಬಹಿರಂಗವಾಗಿ ನಡೆಯುತ್ತದೆ, ಬಹುಮಾನಗಳ ವಿವರದಲ್ಲಿ ಮುಚ್ಚುಮರೆಯಿಲ್ಲ. ನಾನು ಮೇಲೆ ಹಾಕಿದ ಲೆಕ್ಕವನ್ನು ಕಾಗದ ಪೆನ್ನಿದ್ದರೆ ಯಾರು ಬೇಕಾದರೂ ಹಾಕಬಹುದು. ವಾಟ್ಸ್ಆ್ಯಪ್‌ನಲ್ಲಿ ಕೇರಳ ಲಾಟರಿ ಮಾರುವುದಾಗಿ ಬರುವ ಸಂದೇಶಗಳನ್ನು ಇದರೊಂದಿಗೆ ಬೆರೆಸಬೇಡಿ. ಇದು ಅಂಗಡಿಯಲ್ಲಿ ಕೈಗೆ ಕೊಡುವ ಕಾಗದದ ಟಿಕೆಟ್, ಆನ್‌ಲೈನಿನಲ್ಲಿ ಇದರ ಮಾರಾಟವಿಲ್ಲ.

ಅಂತೂ ಐದು ನಕ್ಷತ್ರಗಳಲ್ಲಿ ಪಾರದರ್ಶಕತೆಗೆ ನಾಲ್ಕು, ಕೊಟ್ಟ ಹಣದ ಮೌಲ್ಯಕ್ಕೆ ಒಂದೂವರೆ ಕೊಡುತ್ತೇನೆ. ಮೂರು ವಾರ ಮನೆಮಂದಿ ಮನೆ ಕಟ್ಟುವ, ಸಾಲ ತೀರಿಸುವ ಮಾತಾಡಿಕೊಂಡ ಖುಷಿಗೆ 500 ರೂಪಾಯಿ ಹೆಚ್ಚಲ್ಲ ಎನ್ನುವವರು ಒಂದು ಟಿಕೆಟ್ ಕೊಳ್ಳಲಿ. ಎರಡನೆಯದರಿಂದ ಆ ಖುಷಿ ಇಮ್ಮಡಿಯಾಗುವುದಿಲ್ಲ ಎಂಬುದು ನನ್ನ ಅನುಭವ. ಮೂರು ಸೊನ್ನೆಯ ಟಿಕೆಟಿಗೆ ಏನೂ ಬರಲಿಲ್ಲ, ಇನ್ನೊಂದಕ್ಕೆ 500 ರೂಪಾಯಿ ಬಂತು. ಅದನ್ನು ಪಡೆಯಲು 30 ದಿನಗಳೊಳಗೆ ಮತ್ತೆ ಕೇರಳದ ಯಾವುದಾದರೂ ಲಾಟರಿ ಅಂಗಡಿಗೆ ಹೋಗಬೇಕಿತ್ತು. ಮೈಸೂರಿನಿಂದ ಬತ್ತೇರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಪೆಟ್ರೋಲಿನ ಖರ್ಚೇ ಬಹುಮಾನವನ್ನು ಮೀರುತ್ತಿತ್ತು. ಆ ಟಿಕೆಟ್ ಈಗಲೂ ನಮ್ಮ ಮನೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಕೊಂಡಿದೆ.