ಎಳೆ ಮಗುವಿಗೆ ಬಟ್ಟೆ ಸ್ಲಿಂಗೋ, ಬಕಲ್ ಕ್ಯಾರಿಯರೋ?

ಮಗುವಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲವಾ? ಹಾಗಿದ್ದರೆ ಅದನ್ನು ಮೈಗೆ ಕಟ್ಟಿಕೊಂಡು ಓಡಾಡಲು ಉದ್ದ ಬಟ್ಟೆಯ ರ‍್ಯಾಪೇ ನನ್ನ ಮೊದಲ ಆಯ್ಕೆ. ಮಗು ಎದೆಗೆ ಒತ್ತಿಕೊಂಡು ನೆಮ್ಮದಿಯಾಗಿ ಮಲಗುತ್ತದೆ, ತೂಕ ಎರಡೂ ಹೆಗಲಿಗೆ ಹಂಚಿಹೋಗುತ್ತದೆ. ಸುತ್ತಿ ಕಟ್ಟೋದನ್ನು ಮಾತ್ರ ಕಲಿಯಬೇಕು. ಮೈಸೂರಿನ ಏಪ್ರಿಲ್ ಬಿಸಿಲಿಗೆ ದಪ್ಪ ಬಟ್ಟೆ ಬೇಡವೇ ಬೇಡ, ತೆಳು ಹತ್ತಿಯದೇ ನೋಡಿ.

ಎರಡು ಬಳೆಯಂಥ ರಿಂಗಿನಲ್ಲಿ ಬಟ್ಟೆ ತೂರಿಸಿ ಬಿಗಿಮಾಡುವ ರಿಂಗ್ ಸ್ಲಿಂಗ್ ಬೇಗ ಹಾಕಿಕೊಳ್ಳಬಹುದು, ಆದರೆ ಭಾರವೆಲ್ಲ ಒಂದೇ ಹೆಗಲಿಗೆ. ದೇವರಾಜ ಮಾರುಕಟ್ಟೆಗೆ ಹೋಗಿ ಬರೋಕೆ ಸಾಕು.

ಜಾಸ್ತಿ ಹೊತ್ತು ಓಡಾಡುವವರಿಗೆ ಹೆಗಲಿಗೂ ಸೊಂಟಕ್ಕೂ ಪಟ್ಟಿ ಹಾಕಿ ಬಕಲ್‌ನಿಂದ ಬಿಗಿಯುವ ಬಕಲ್ ಕ್ಯಾರಿಯರ್ ಒಳ್ಳೆಯದು. ಸೊಂಟದ ಪಟ್ಟಿ ಭಾರ ಹೊರುತ್ತದೆ. ಪಟ್ಟಿ ಎಳೆದು ಸರಿಮಾಡಿಕೊಂಡರೆ ಅಪ್ಪನಿಗೂ ಅಮ್ಮನಿಗೂ ಒಂದೇ ಸಾಕು. ಕೊಳ್ಳುವ ಮುಂಚೆ ಎಷ್ಟು ಕೆಜಿಯಿಂದ ಬಳಸಬಹುದು ಅಂತ ಲೇಬಲ್ ಓದಿ. ಕೂರುವ ಜಾಗ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೂ ಅಗಲ ಇರಲಿ. ಮಂಡಿ ಕುಂಡೆಗಿಂತ ಸ್ವಲ್ಪ ಮೇಲಿರಬೇಕು. ಕಾಲು ನೇರ ಜೋತುಬೀಳುವ ಕಿರಿದಾದ ಕ್ಯಾರಿಯರ್ ಅಗ್ಗಕ್ಕೆ ಸಿಕ್ಕರೂ ತಗೋಬೇಡಿ. ಮೊದಲ 6 ತಿಂಗಳು ಸೊಂಟದ ಕೀಲು ಇನ್ನೂ ಬಲಿಯುತ್ತಿರುತ್ತದೆ, ಅಲ್ವಾ? ಕತ್ತು ಗಟ್ಟಿಯಾಗುವ ತನಕ ಮಗುವಿನ ಮುಖ ನಿಮ್ಮ ಕಡೆಗೇ ಇರಲಿ.

ಯಾವುದೇ ಕೊಂಡರೂ ಮಗುವಿನ ಗದ್ದದ ಕೆಳಗೆ ಎರಡು ಬೆರಳು ಹಿಡಿಸುತ್ತಾ ಅಂತ ಇಟ್ಟು ನೋಡಿ. ಗದ್ದ ಮಗುವಿನದೇ ಎದೆಗೆ ಒತ್ತಿದ್ದರೆ ಉಸಿರಾಟಕ್ಕೆ ಅಪಾಯ, ತಕ್ಷಣ ಬಿಚ್ಚಿ ಮತ್ತೆ ಕಟ್ಟಿ. ಮೂಗು ಬಾಯಿ ಸದಾ ಕಣ್ಣಿಗೆ ಕಾಣಬೇಕು, ತಲೆ ನೀವು ಬಗ್ಗಿ ಮುತ್ತಿಡುವಷ್ಟು ಎತ್ತರದಲ್ಲಿರಬೇಕು. ಹುಟ್ಟುವಾಗ ತೂಕ ಕಡಿಮೆ ಇದ್ದ ಮಗುವಾದರೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ. ಸ್ಕೂಟರ್ ಮೇಲೆ ಹೋಗುವಾಗ ಇವು ಯಾವುವೂ ರಕ್ಷಣೆ ಕೊಡೋದಿಲ್ಲ.