ಟಿಕಿಂಟರ್‌ನ ಲಿಸ್ಟ್‌ಬಾಕ್ಸ್: ಆಯ್ಕೆಯ ಸುದ್ದಿಯನ್ನು ಅರ್ಧವೇ ಹೇಳುವ ಪಟ್ಟಿ

ಮನೆಯಲ್ಲಿರುವ ಪುಸ್ತಕಗಳ ಹೆಸರುಗಳನ್ನು ಎಡಗಡೆ ಪಟ್ಟಿಯಾಗಿ ತೋರಿಸಿ, ಆರಿಸಿದ ಪುಸ್ತಕದ ವಿವರವನ್ನು ಬಲಗಡೆ ತಿದ್ದಲು ಕೊಡುವ ಸಣ್ಣ ತಂತ್ರಾಂಶವೊಂದನ್ನು ಪೈಥಾನ್‌ನಲ್ಲಿ ಬರೆದುಕೊಂಡಿದ್ದೇನೆ. ಅದಕ್ಕೆ ಬಳಸಿದ್ದು, ಕಿಟಕಿ, ಗುಂಡಿಗಳನ್ನು ರಚಿಸುವ ಪೈಥಾನ್ ಲೈಬ್ರರಿಯಾದ ಟಿಕಿಂಟರ್‌ನ ಲಿಸ್ಟ್‌ಬಾಕ್ಸ್, ಅಂದರೆ ಸಾಲುಗಳ ಪಟ್ಟಿಯನ್ನು ತೋರಿಸುವ ಪೆಟ್ಟಿಗೆ. ಟಿಕಿಂಟರ್‌ನ ಅಡಿಪಾಯವಾದ ಟಿಕೆ ಎಂಬ ಪರಿಕರ ಸಂಗ್ರಹ, ಜಾನ್ ಔಸ್ಟರ್‌ಹೌಟ್ ಅವರು 1990ರ ದಶಕದ ಆರಂಭದಲ್ಲಿ ರೂಪಿಸಿದ್ದು. ಆ ವಯಸ್ಸಿನ ಗುಣ, ದೋಷಗಳೆರಡೂ ಈ ಪಟ್ಟಿಯಲ್ಲಿ ಕಾಣಿಸುತ್ತವೆ.

ಹೊಸಬರು ಮೊದಲು ಎಡವುವುದು ಮೌಸ್‌ನ ಕ್ಲಿಕ್ಕಿಗೇ ನೇರವಾಗಿ ಫಂಕ್ಷನ್ ಕಟ್ಟುವಲ್ಲಿ. ನಾನೂ ಹಾಗೆಯೇ ಮಾಡಿದ್ದೆ. ಮೂರನೆಯ ಪುಸ್ತಕವನ್ನು ಒತ್ತಿದರೆ ಅದಕ್ಕೂ ಮೊದಲು ಆರಿಸಿದ್ದ ಪುಸ್ತಕದ ವಿವರ ಬರುತ್ತಿತ್ತು. ನಾವು ಕಟ್ಟಿದ ಫಂಕ್ಷನ್ ಮೊದಲು ಓಡಿ, ಆಯ್ಕೆಯನ್ನು ಬದಲಿಸುವ ಲಿಸ್ಟ್‌ಬಾಕ್ಸ್‌ನ ಸ್ವಂತ ಕೆಲಸ ಅದರ ನಂತರ ನಡೆಯುವುದೇ ಇದಕ್ಕೆ ಕಾರಣ. ಲಿಸ್ಟ್‌ಬಾಕ್ಸ್‌ಸೆಲೆಕ್ಟ್ ಎಂಬ ವರ್ಚುವಲ್ ಇವೆಂಟ್ (ಮೌಸ್, ಕೀಲಿಗಳಿಂದ ನೇರವಾಗಿ ಬರದೆ ಪಟ್ಟಿಯೇ ಹೊರಡಿಸುವ ಸೂಚನೆ) ಇರುವುದು ಇದಕ್ಕಾಗಿಯೇ: ಆಯ್ಕೆ ಬದಲಾದ ಮೇಲೆ ಅದು ಹೊರಡುತ್ತದೆ, ಕೀಲಿಮಣೆಯ ಬಾಣದ ಗುರುತಿನಿಂದ ಸಾಲು ಬದಲಿಸಿದರೂ ಹೊರಡುತ್ತದೆ.

ಆದರೆ ಯಾವ ಸಾಲು ಎಂಬುದನ್ನು ನಾವೇ ಪಟ್ಟಿಯ ಕರ್‌ಸೆಲೆಕ್ಷನ್ ಎಂಬ ಫಂಕ್ಷನ್ ಮೂಲಕ ಕೇಳಿ ತಿಳಿಯಬೇಕು. ಅದು ಕೊಡುವುದು ಟ್ಯೂಪಲ್, ಅಂದರೆ ಆರಿಸಿದ ಸಾಲುಗಳ ಸಂಖ್ಯೆಗಳ ಒಂದು ಕಟ್ಟು. ಆರಿಸಿದ್ದು ಒಂದೇ ಸಾಲಾದರೂ ಟ್ಯೂಪಲ್, ಏನೂ ಆರಿಸದಿದ್ದರೆ ಖಾಲಿ ಟ್ಯೂಪಲ್. ಈ ಖಾಲಿ ಉತ್ತರದ ಹಿಂದೆಯೇ ಅತಿ ಹೆಚ್ಚು ತಲೆ ಕೆಡಿಸುವ ಸಂಗತಿ ಅಡಗಿದೆ. ಎಕ್ಸ್‌ಪೋರ್ಟ್‌ಸೆಲೆಕ್ಷನ್ ಎಂಬ ಸೆಟ್ಟಿಂಗ್ ಮೊದಲಿನಿಂದಲೇ ಚಾಲೂ ಇರುವುದರಿಂದ, ಬಲಗಡೆಯ ಎಂಟ್ರಿ ಎಂಬ ಬರೆಯುವ ಪೆಟ್ಟಿಗೆಯಲ್ಲಿ ಒಂದು ಪದವನ್ನು ಹಿಡಿದು ಎಳೆದರೆ ಸಾಕು, ಎಡಗಡೆಯ ಪಟ್ಟಿ ತನ್ನ ಆಯ್ಕೆಯನ್ನು ಕಳೆದುಕೊಂಡು ಅದೇ ಇವೆಂಟನ್ನು ಮತ್ತೆ ಹೊರಡಿಸುತ್ತದೆ. ಆಗ ಟ್ಯೂಪಲ್‌ನ ಮೊದಲ ಅಂಶವನ್ನು ಕಣ್ಣು ಮುಚ್ಚಿ ತೆಗೆಯುವ ಫಂಕ್ಷನ್ ಇಂಡೆಕ್ಸ್‌ಎರರ್ ಎಂದು ನಿಲ್ಲುತ್ತದೆ. ಪಟ್ಟಿಯನ್ನು ರಚಿಸುವಾಗಲೇ ಎಕ್ಸ್‌ಪೋರ್ಟ್‌ಸೆಲೆಕ್ಷನ್ ಅನ್ನು ಫಾಲ್ಸ್ ಮಾಡಿ, ಫಂಕ್ಷನ್‌ನ ಮೊದಲ ಸಾಲಿನಲ್ಲಿ ಟ್ಯೂಪಲ್ ಖಾಲಿಯೇ ಎಂದು ನೋಡುವುದು ಕ್ಷೇಮ. ಬೇರೆ ಪ್ರೋಗ್ರಾಂಗಳಿಗೂ ಆಯ್ಕೆಯನ್ನು ಒದಗಿಸಬೇಕೆಂಬ ಎಕ್ಸ್ ವಿಂಡೋ (ಯುನಿಕ್ಸ್ ಯಂತ್ರಗಳ ಕಿಟಕಿ ವ್ಯವಸ್ಥೆ) ಕಾಲದ ಉದ್ದೇಶ ಇದರ ಹಿಂದಿದೆಯಾದರೂ, ಇಂದಿನ ಬಳಕೆಗೆ ಅದು ಆಫ್ ಆಗಿಯೇ ಬಂದಿದ್ದರೆ ಚೆನ್ನಾಗಿತ್ತು.

ಸಿಂಗಲ್, ಬ್ರೌಸ್, ಮಲ್ಟಿಪಲ್, ಎಕ್ಸ್‌ಟೆಂಡೆಡ್ ಎಂಬ, ಸಾಲು ಆರಿಸುವ ನಾಲ್ಕು ವಿಧಾನಗಳಲ್ಲಿ ತಾನಾಗಿ ಸಿಗುವುದು ಬ್ರೌಸ್. ಅದರಲ್ಲಿ ಮೌಸ್ ಒತ್ತಿ ಎಳೆದರೆ ಹಾದುಹೋದ ಸಾಲಿಗೊಂದರಂತೆ ಇವೆಂಟ್ ಬರುತ್ತದೆ. ಪ್ರತಿ ಸಲವೂ ಮುಖಪುಟದ ಚಿತ್ರವನ್ನು ಡಿಸ್ಕಿನಿಂದ ತೆರೆಯುವವರಿಗೆ ಕಿಟಕಿ ಮುಗ್ಗರಿಸುವುದು ಗೊತ್ತಾಗುತ್ತದೆ. ಜಾವಾ ಭಾಷೆಯ ಸ್ವಿಂಗ್ ಲೈಬ್ರರಿಯಲ್ಲಿರುವ ಇಂಥದೇ ಪಟ್ಟಿಯಾದ ಜೆಲಿಸ್ಟ್‌ನಲ್ಲಿ ಆಯ್ಕೆ ಇನ್ನೂ ಬದಲಾಗುತ್ತಿದೆಯೇ ಎಂದು ಇವೆಂಟನ್ನೇ ಕೇಳಬಹುದು. ಇಲ್ಲಿ ಆ ಸೌಲಭ್ಯವಿಲ್ಲ, ಒಂದು ಕೆಲಸವನ್ನು ಸ್ವಲ್ಪ ತಡವಾಗಿ ಮಾಡಿಸುವ ಆಫ್ಟರ್ ಬಳಸಿ 150 ಮಿಲಿಸೆಕೆಂಡು ಕಾದು, ಅಷ್ಟರಲ್ಲಿ ಹೊಸ ಇವೆಂಟ್ ಬಂದರೆ ಹಳೆಯದನ್ನು ರದ್ದು ಮಾಡುವ ಉಪಾಯವನ್ನು ನಾವೇ ಹೂಡಬೇಕು.

ಪ್ರೋಗ್ರಾಂ ತಾನೇ ಸೆಲೆಕ್ಷನ್‌ಸೆಟ್ ಕರೆದು ಒಂದು ಸಾಲನ್ನು ಆರಿಸಿದರೆ ಲಿಸ್ಟ್‌ಬಾಕ್ಸ್ ಮೌನವಾಗಿರುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ, ನನಗಂತೂ ಅನುಕೂಲವೇ ಆಗಿದೆ: ವಿವರ ತುಂಬುವ ಫಂಕ್ಷನ್ನನ್ನು ಬೇಕಾದಾಗ ನಾನೇ ಕರೆಯುತ್ತೇನೆ, ತನ್ನನ್ನು ತಾನೇ ಕರೆದುಕೊಳ್ಳುವ ಸುಳಿಯ ಭಯವಿಲ್ಲ.

ಒಂದೇ ಕಾಲಂ, ಕೆಲವು ನೂರು ಸಾಲು ಇರುವವರಿಗೆ ಈ ಪಟ್ಟಿ ಧಾರಾಳವಾಗಿ ಸಾಕು. ಲೇಖಕರು, ಪ್ರಕಟವಾದ ವರ್ಷ ಮುಂತಾದ ಕಾಲಂಗಳು ಬೇಕಾದವರು ಟಿಕೆ 8.5ರ ಜೊತೆ ಬಂದ, ಹಲವು ಕಾಲಂಗಳನ್ನು ತೋರಿಸಬಲ್ಲ ಟ್ರೀವ್ಯೂವನ್ನು ಆರಿಸಿಕೊಳ್ಳಲಿ; ಅದರ ಟ್ರೀವ್ಯೂಸೆಲೆಕ್ಟ್ ಇವೆಂಟ್ ಪ್ರೋಗ್ರಾಂ ಮಾಡಿದ ಆಯ್ಕೆಗೂ ಹೊರಡುತ್ತದೆ ಎಂಬುದನ್ನು ಮಾತ್ರ ಕೋಡ್ ಸಾಗಿಸುವ ಮೊದಲೇ ನೋಡಿಕೊಳ್ಳಬೇಕು.