ಹಳೇ ಫೋಟೊದಲ್ಲಿ ಸೈನಿಕನ ಭುಜದ ಪ್ಯಾಚ್ ಓದಲು ಯಾವುದು ಒಳ್ಳೆಯದು: ಲೂಪ್, ಸ್ಕ್ಯಾನರ್, ಆ್ಯಪ್

ಮೊದಲೇ ಹೇಳಿಬಿಡುತ್ತೇನೆ. ನನ್ನ ಮಟ್ಟಿಗೆ ಗೆದ್ದದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ಚಿನ್ನದ ಕೆಲಸದವರು ಕಣ್ಣಿಗೆ ಹಿಡಿದುಕೊಳ್ಳುತ್ತಾರಲ್ಲ, ಅದೇ. ಮೂರರಲ್ಲಿ ಕಡಿಮೆ ಬೆಲೆಯದ್ದೂ ಅದೇ.

ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ. ಎರಡನೇ ಮಹಾಯುದ್ಧಕ್ಕೆ ಹೋದವರ ಫೋಟೊಗಳು ಇಲ್ಲಿ ಇನ್ನೂ ಕೆಲವು ಮನೆಗಳ ಗೋಡೆಯಲ್ಲಿವೆ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಭಾರತದ ಸೇನೆಯಲ್ಲಿ ಸುಮಾರು 25 ಲಕ್ಷ ಜನ ಇದ್ದರು. ಮನೆಯವರನ್ನು ಕೇಳಿದರೆ "ಅಜ್ಜ ಮಿಲಿಟರಿಯಲ್ಲಿದ್ದರು, ಬರ್ಮಾಕ್ಕೆ ಹೋಗಿದ್ದರು" ಎನ್ನುತ್ತಾರೆ. ಅದರಾಚೆ ಗೊತ್ತಿಲ್ಲ. ತೋಳಿನ ಮೇಲ್ಭಾಗದಲ್ಲಿ ಹೊಲಿದ ಆ ಸಣ್ಣ ಬಟ್ಟೆ ತುಂಡೇ ಪ್ಯಾಚ್. ಅಜ್ಜ ಯಾವ ಡಿವಿಷನ್, ಅಂದರೆ ಸಾವಿರಾರು ಸೈನಿಕರ ಯಾವ ದೊಡ್ಡ ಪಡೆಯಲ್ಲಿದ್ದರು ಎಂದು ಅದು ಹೇಳುತ್ತದೆ. ಡಿವಿಷನ್ ಗೊತ್ತಾದರೆ ಅಜ್ಜ ಎಲ್ಲೆಲ್ಲಿ ಹೋಗಿರಬಹುದು ಎಂಬ ದಾರಿ ತೆರೆಯುತ್ತದೆ. ಅದಕ್ಕೇ ನನಗೆ ಇದು ಸಣ್ಣ ವಿಷಯ ಅಲ್ಲ.

ಈಗ ಆ್ಯಪ್ ವಿಷಯ. ಹಳೇ ಫೋಟೊವನ್ನು "ಸ್ಪಷ್ಟ" ಮಾಡಿಕೊಡುವ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ. ಮುಖಗಳನ್ನು ಚೆನ್ನಾಗಿಯೇ ಮಾಡಿಕೊಡುತ್ತದೆ. ಪ್ಯಾಚ್ ವಿಷಯಕ್ಕೆ ಬಂದರೆ ಮಾತ್ರ ಅದನ್ನು ನಂಬಲೇಬಾರದು. ಮಸುಕಾದ ಜಾಗ ಕಂಡರೆ ಅದು ಅಲ್ಲಿರುವುದನ್ನು ತೋರಿಸುವುದಿಲ್ಲ, ತನಗೆ ತೋಚಿದ್ದನ್ನು ಬರೆಯುತ್ತದೆ. ಪಕ್ಕದೂರಿನ ಒಬ್ಬರ ಮನೆಯ ಫೋಟೊ ಹಾಕಿ ನೋಡಿದೆ. ತೋಳಿನಲ್ಲಿ ಬೂದು ವೃತ್ತ, ಅದರೊಳಗೆ ಕಪ್ಪು ಆಕಾರ. ಆ್ಯಪ್ ಅದಕ್ಕೆ ರೆಕ್ಕೆ ಬಿಡಿಸಿ, ಕೊಕ್ಕು ಬಾಗಿಸಿ, ಅಚ್ಚುಕಟ್ಟಾದ ಹದ್ದು ಮಾಡಿ ಕೊಟ್ಟಿತು.

ಹದ್ದು ಎಂದರೆ ಏನು ಗೊತ್ತಾ? 4ನೇ ಭಾರತೀಯ ಡಿವಿಷನ್, ಕೆಂಪು ಹದ್ದು. ಉತ್ತರ ಆಫ್ರಿಕಾ, ಎರಿಟ್ರಿಯಾದ ಕೆರೆನ್, ಇಟಲಿಯ ಕಸ್ಸೀನೊ. ಮನೆಯವರು ಕೇಳಿ ಹಿಗ್ಗುತ್ತಿದ್ದರು. ಅಜ್ಜ ಕಾಲೇ ಇಡದ ಮರುಭೂಮಿಯ ಕಥೆ ಮೊಮ್ಮಕ್ಕಳ ಬಾಯಲ್ಲಿ ಉಳಿದುಬಿಡುತ್ತಿತ್ತು.

ಅದೇ ಫೋಟೊವನ್ನು ಜಗಲಿಯ ಬೆಳಕಿನಲ್ಲಿ ಲೂಪ್ ಹಿಡಿದು ನೋಡಿದೆ. ರೆಕ್ಕೆ ಬಿಚ್ಚಿರಲಿಲ್ಲ. ಬಾಲ ಮೇಲಕ್ಕೆ ಎದ್ದಿತ್ತು, ಕೆಳಗೆ ಎರಡು ಕಾಲು ಬೇರೆಬೇರೆಯಾಗಿ ಕಾಣುತ್ತಿದ್ದವು. ಅದು ಹುಂಜ. ಕೋಳಿಅಂಕ ನೋಡಿ ಬೆಳೆದ ನಮ್ಮ ಕಡೆಯವರಿಗೆ ಆ ನಿಲುವು ಹೇಳಿಕೊಡಬೇಕಾ? 23ನೇ ಭಾರತೀಯ ಡಿವಿಷನ್ನಿನ ಗುರುತು ಹಳದಿ ವೃತ್ತದಲ್ಲಿ ಕೆಂಪು ಕಾಳಗದ ಹುಂಜ. 1944ರಲ್ಲಿ ಇಂಫಾಲದಲ್ಲಿ ಹೋರಾಡಿ, 1945ರಲ್ಲಿ ಜಾವಾಕ್ಕೆ ಹೋದ ಡಿವಿಷನ್ ಅದು. ಫೋಟೊ ಹಿಂದೆ ಸ್ಟುಡಿಯೋದ ಮಾಸಿದ ಮುದ್ರೆ ಇತ್ತು, ಬಾಂಡುಂಗ್ ಎಂದು. ಅದು ಜಾವಾದ ಊರು. ಅಲ್ಲಿಗೆ ಎರಡೂ ತಾಳೆಯಾಯಿತು. ಆ್ಯಪಿಗೆ ಫೋಟೊದ ಹಿಂಬದಿ ಗೊತ್ತಿರುವುದಿಲ್ಲ ಅಲ್ವಾ?

ಬಣ್ಣ ತುಂಬುವ ಸೌಲಭ್ಯವೂ ಅದರಲ್ಲಿದೆ. ಪ್ಯಾಚ್ ಗುರುತಿಸಲು ಅದನ್ನು ಮುಟ್ಟಲೇಬೇಡಿ. ಆಗಿನ ಎಷ್ಟೋ ಫೋಟೊಗಳು ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನವು. ಅದಕ್ಕೆ ಕೆಂಪು ಬೆಳಕು ತಾಗುವುದೇ ಇಲ್ಲ, ಹಾಗಾಗಿ ಕೆಂಪು ಕಪ್ಪಾಗಿ ಬೀಳುತ್ತದೆ. 5ನೇ ಡಿವಿಷನ್ನಿನ ಗುರುತು ಕಪ್ಪು ಬಟ್ಟೆ ಮೇಲೆ ಕೆಂಪು ಬೆಂಕಿಯುಂಡೆ. ಅಂಥ ಫೋಟೊದಲ್ಲಿ ಅದು ಬರೀ ಕಪ್ಪು ಚೌಕ. ಪಕ್ಕದಲ್ಲಿ ಹೆಂಗಸರು ನಿಂತಿದ್ದರೆ ಹಣೆಯ ಕುಂಕುಮ ನೋಡಿ. ಅದು ಕಾಡಿಗೆಯಷ್ಟೇ ಕಪ್ಪಾಗಿದ್ದರೆ ತೋಳಿನಲ್ಲಿ ಕಪ್ಪಾಗಿ ಕಾಣುವುದು ಕೆಂಪೂ ಇರಬಹುದು ಎಂದು ನೆನಪಿಟ್ಟುಕೊಳ್ಳಿ. 20ನೇ ಡಿವಿಷನ್ನಿನದ್ದು ಕಪ್ಪಿನ ಮೇಲೆ ಖಡ್ಗ ಹಿಡಿದ ಬಿಳಿ ಕೈ, 25ನೆಯದ್ದು ಹಸಿರಿನ ಮೇಲೆ ಕಪ್ಪು ಇಸ್ಪೀಟು (ಎಲೆಯಾಟದ ಸ್ಪೇಡ್ ಗುರುತು). ಎರಡೂ ಬೆಂಗಳೂರಿನಲ್ಲಿ 1942ರಲ್ಲಿ ಕಟ್ಟಿದ ಡಿವಿಷನ್‌ಗಳು, ಎರಡೂ ಕಪ್ಪು ಬಿಳುಪಿನಲ್ಲಿ ಚೆನ್ನಾಗಿ ಕಾಣುತ್ತವೆ. ಮುಂದೆ ಸೇನೆಯ ಮುಖ್ಯಸ್ಥರಾದ ಕೊಡಗಿನ ತಿಮ್ಮಯ್ಯ ಬರ್ಮಾದ ಅರಕಾನಿನಲ್ಲಿ ಇದ್ದದ್ದು ಈ ಇಸ್ಪೀಟಿನ ಡಿವಿಷನ್ನಿನಲ್ಲೇ. 17ನೆಯದ್ದರ ಕಪ್ಪು ಬೆಕ್ಕು ಮತ್ತು ಈ ಹುಂಜ ಮಾತ್ರ ಸುಲಭವಾಗಿ ಗೊಂದಲ ಮಾಡುತ್ತವೆ. ಅಲ್ಲಿ ಬೆನ್ನು, ಬಾಲ, ಕಾಲು ನೋಡಿಯೇ ತೀರ್ಮಾನಿಸಬೇಕು.

ಸ್ಕ್ಯಾನರ್ ಒಳ್ಳೆಯದೇ. ಸುಳ್ಳು ಹೇಳುವುದಿಲ್ಲ. ಆದರೆ ಲೆಕ್ಕ ನೋಡಿ. ಗುಂಪು ಫೋಟೊದಲ್ಲಿ ಆಳು ನಾಲ್ಕು ಸೆಂಟಿಮೀಟರ್ ಎತ್ತರ ಇದ್ದರೆ, ಐದು ಸೆಂಟಿಮೀಟರಿನ ಪ್ಯಾಚ್ ಅಲ್ಲಿ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ, ಅದು ಮೂವತ್ತು ಪಿಕ್ಸೆಲ್ ಕೂಡ ಆಗುವುದಿಲ್ಲ. 1200 ಇಡಿ, ಜೆಪೆಗ್ ಬದಲು ಟಿಫ್ ಆಗಿ ಉಳಿಸಿ.

ಇನ್ನೊಂದು ತೊಂದರೆ ನಮ್ಮ ಮಳೆಗಾಲದ್ದು. ತೇವಕ್ಕೆ ಫೋಟೊ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿರುತ್ತದೆ. ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಚೌಕಟ್ಟು ಸಮೇತ ಸ್ಕ್ಯಾನರಿನ ಮೇಲಿಟ್ಟರೆ, ಸಿಐಎಸ್ ಎಂಬ ಬಗೆಯ ಸೆನ್ಸರ್ ಇರುವ ಈಗಿನ ತೆಳು ಸ್ಕ್ಯಾನರ್‌ಗಳಿಗೆ ಆ ಚೂರು ಅಂತರವೂ ಫೋಕಸ್ ಸಿಗುವುದಿಲ್ಲ, ಎಲ್ಲ ಮಸುಕು. ಸಿಸಿಡಿ ಎಂಬ ಇನ್ನೊಂದು ಬಗೆಯ ಸೆನ್ಸರ್ ಇರುವ ದಪ್ಪ ಸ್ಕ್ಯಾನರ್ ಇದ್ದರೆ ಸ್ವಲ್ಪ ವಾಸಿ, ಆದರೆ ಬೆಲೆ ನನ್ನ ಕೈಗೆ ಎಟುಕುವುದಿಲ್ಲ. ಹತ್ತು ಪಟ್ಟಿನ ಲೂಪ್ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಿಂದ ನೋಡುತ್ತದೆ, ಗಾಜು ಅದಕ್ಕೆ ಅಡ್ಡಿಯೇ ಅಲ್ಲ.

ಫೋನಿನ ಚಿತ್ರ ಹುಡುಕಾಟ: ಬಣ್ಣದ, ದೊಡ್ಡ ಪ್ಯಾಚ್ ಕೈಯಲ್ಲೇ ಇದ್ದರೆ ಉಪಯೋಗ, ಫೋಟೊಕ್ಕೆ ಇಲ್ಲ.

ಯಾವುದರಲ್ಲಿ ನೋಡಿದರೂ ಕೆಲವನ್ನು ಪರೀಕ್ಷಿಸಿ. ಪ್ರಿಂಟ್ ತಿರುಗುಮುರುಗಾಗಿದೆಯೇ ಎಂದು ಗುಂಡಿ ಸಾಲು ಹೇಳುತ್ತದೆ. ಬರ್ಮಾದಲ್ಲಿ ಹೋರಾಡಿದ 14ನೇ ಸೈನ್ಯದ ಕೆಂಪು ಬಿಳಿ ಗುರಾಣಿ ಕಂಡರೆ ತಲೆಕೆಳಗಾಗಿದೆ ಎಂದುಕೊಳ್ಳಬೇಡಿ. ಅದರಲ್ಲಿ ಕತ್ತಿಯ ತುದಿ ಕೆಳಗೇ ಇದೆ, ಬರ್ಮಾವನ್ನು ಉತ್ತರದಿಂದ ಕೆಳಕ್ಕೆ ಗೆಲ್ಲಬೇಕಿತ್ತಲ್ಲ, ಅದಕ್ಕೆ. ಕೆಂಪು ಹದ್ದು ಸ್ವಾತಂತ್ರ್ಯದ ನಂತರವೂ ಮುಂದುವರಿದಿದೆ, ಹಾಗಾಗಿ ಅಧಿಕಾರಿಯಾಗಿದ್ದರೆ ಭುಜಪಟ್ಟಿ ನೋಡಿ: ಕಿರೀಟವಿದ್ದರೆ 1950ಕ್ಕೆ ಮುಂಚಿನದ್ದು, ಅಶೋಕ ಸಿಂಹವಿದ್ದರೆ ಆಮೇಲಿನದ್ದು. ಲೂಪಿನಲ್ಲಿ ಸಾಲುಸಾಲು ಚುಕ್ಕೆಗಳು ಕಂಡರೆ ಅದು ಅಚ್ಚಾದ ಚಿತ್ರದ ಪ್ರತಿ, ಅಲ್ಲಿ ಇನ್ನಷ್ಟು ಹುಡುಕಿ ಫಲವಿಲ್ಲ. ಮೂಲ ಫೋಟೊ ಕೇಳಿ.

ನಾನು ಮನೆಮನೆಗೆ ಹೋಗಿ ನೋಡುವವನು. ಫೋಟೊ ಹೊರಗೆ ಕೊಡಲು ಯಾರಿಗೂ ಮನಸ್ಸಿಲ್ಲ, ಕೊಡಲೂಬಾರದು. ಅಂಗಿ ಕಿಸೆಯಲ್ಲಿ ಹೋಗುವುದು ಲೂಪ್ ಒಂದೇ. ಮನೆಯಲ್ಲೇ ಕೂತು, ಬಿಡಿ ಫೋಟೊಗಳ ದೊಡ್ಡ ಕಟ್ಟು ನೋಡುವವರಾದರೆ ಸ್ಕ್ಯಾನರ್ ತೆಗೆದುಕೊಳ್ಳಿ. ಚಂದಾ ನಾನು ಮುಂದುವರಿಸಲಿಲ್ಲ. ಆ ದುಡ್ಡಿನಲ್ಲಿ ದೀಪ ಇರುವ, ಮಿಲಿಮೀಟರ್ ಗೆರೆ ಕೊರೆದ ಇನ್ನೊಂದು ಲೂಪ್ ತರಿಸುತ್ತಿದ್ದೇನೆ, ಮಳೆಗಾಲದ ಕತ್ತಲೆ ಜಗಲಿಗಳಿಗೆ.